ಅಕ್ಕನ ತೋಟಕ್ಕೆ ನಾನು ಕೊಟ್ಟ ಸಸಿಗಳು

ನಮ್ಮವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅವ್ವನ ಮುಖ ನನಗೆ ನೆನಪಿಲ್ಲ. ಚಿಕ್ಕಂದಿನದು ಏನು ನೆನಪಾದರೂ ಅದರಲ್ಲಿ ಅಕ್ಕ ಇರುತ್ತಾಳೆ. ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಅವಳು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸುತ್ತಿದ್ದವಳು ಅವಳು. ನನ್ನನ್ನು ಸಾಲಿಗೆ ಕಳಿಸಬೇಕೆಂದು ತಾನು ಸಾಲಿ ಬಿಟ್ಟಳು. ಅವಳನ್ನು ಬೀಳಗಿ ತಾಲೂಕಿನ ಒಂದು ಊರಿಗೆ ಕೊಟ್ಟರು. ನಾನು ಜಮಖಂಡಿ ಕಡೆ, ಚಿಕ್ಕಪಡಸಲಗಿಗೆ ಹೋಗುವ ದಾರಿಯ ಒಂದು ಮನೆಗೆ ಸೊಸೆಯಾಗಿ ಬಂದೆ.

ಮಕ್ಕಳು ಸಾಲಿಗೆ ಹೋಗತೊಡಗಿದ ಮೇಲೆ ನಾನೂ ನನ್ನ ಗಂಡನೂ ಮನೆಯ ಹಿಂದೆ ನರ್ಸರಿ ಶುರು ಮಾಡಿದೆವು. ಮೊದಲು ಬದನೆ, ಮೆಣಸಿನ ಸಸಿ. ಆಮೇಲೆ ಈ ಕಡೆ ಎಲ್ಲರೂ ದಾಳಿಂಬೆ ಹಚ್ಚತೊಡಗಿದಾಗ ನಾವೂ ಗೂಟಿ ಕಟ್ಟುವುದನ್ನು ಕಲಿತೆವು. ಬೆರಳು ದಪ್ಪದ ಕೊಂಬೆಯ ಸಿಪ್ಪೆಯನ್ನು ಉಂಗುರದಂತೆ ಬಿಡಿಸಿ, ಅಲ್ಲಿ ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತುವುದು. ಬೇರು ಬಂದ ಮೇಲೆ ಕೊಂಬೆ ಕತ್ತರಿಸಿ ಮಣ್ಣು ತುಂಬಿದ ಕರಿ ಚೀಲದಲ್ಲಿ ನೆಡುವುದು. ನನ್ನ ಕೈಗೆ ಅದು ಬೇಗ ಹತ್ತಿತು. ನಾನು ಕಟ್ಟಿದ ಗೂಟಿ ಹುಸಿ ಹೋಗುವುದು ಕಡಿಮೆ ಎಂದು ಮಂದಿ ಹೇಳುತ್ತಿದ್ದರು, ನನಗೂ ಹೆಮ್ಮೆ ಇತ್ತು.

ಚೀಲಕ್ಕೆ ತುಂಬುವ ಮಣ್ಣನ್ನು ನಾವು ಮನೆಯ ಹಿಂದಿನ ತುಂಡು ಹೊಲದಿಂದ ತೆಗೆಯುತ್ತಿದ್ದೆವು. ಅಲ್ಲಿ ಬಹಳ ವರ್ಷ ಬದನೆ ಬೆಳೆದಿದ್ದೆವು. ಕೈಯಲ್ಲಿ ಹಿಡಿದರೆ ಹಿಟ್ಟಿನ ಹಾಗೆ ಉದುರುವ ಮಣ್ಣು. ಕೊನೆಕೊನೆಗೆ ಅಲ್ಲಿ ಬದನೆ ಗಿಡ ಮೇಲೇಳದೆ ಹೋದಾಗ ಭೂಮಿ ದಣಿದಿದೆ ಎಂದುಕೊಂಡು ಬೆಳೆ ನಿಲ್ಲಿಸಿದೆವು. ಕಿತ್ತ ಗಿಡಗಳ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿದ್ದವು. ಶೇಂಗಾದ ಬೇರಿನಲ್ಲೂ ಗಂಟು ಇರುತ್ತವಲ್ಲ, ಅವು ಭೂಮಿಗೆ ಒಳ್ಳೆಯವು, ಇವೂ ಅಂಥವೇ ಇರಬೇಕು ಅಂದುಕೊಂಡೆ. ಆ ಮಣ್ಣಿಗೆ ಉಸುಕು, ಕುರಿಗೊಬ್ಬರ ಕಲಸಿ ಚೀಲ ತುಂಬಿದೆವು.

ಅಕ್ಕನ ಹೊಲ ಕೆಂಪು ಮಸಾರಿ ನೆಲ, ಎತ್ತರದಲ್ಲಿತ್ತು. ಅಲ್ಲಿಗೆ ನೀರು ಬಂದ ವರ್ಷ ಅವಳ ಗಂಡ ದಾಳಿಂಬೆ ಹಚ್ಚುವ ಮನಸ್ಸು ಮಾಡಿದರು. ಅವರನ್ನು ನಾನು ಮಾಮಾ ಎಂದೇ ಕರೆಯುವುದು. ಬೇರೆ ಕಡೆಯ ಸಸಿಗಳನ್ನೂ ನೋಡಿ ಬರೋಣ ಎಂದು ಮಾಮಾ ಅಂದರೆ ಅಕ್ಕ ಒಪ್ಪಲಿಲ್ಲ. ತಂಗಿ ಮಾಡಿದ ಸಸಿ ಇರುವಾಗ ನಾನು ಮತ್ತೊಬ್ಬರ ಬಾಗಿಲಿಗೆ ಯಾಕೆ ಹೋಗಲಿ ಎಂದಳು. ಎಲ್ಲಕ್ಕಿಂತ ದಪ್ಪ ಕಾಂಡದ ಸಸಿಗಳನ್ನು ನಾನೇ ಆರಿಸಿ, ಟೆಂಪೋದಲ್ಲಿ ಅವುಗಳ ಜೊತೆ ಹಿಂದೆ ಕೂತು ಬೀಳಗಿ ಕಡೆ ಹೋದೆ. ಮೂರು ದಿನ ಅಲ್ಲೇ ಇದ್ದು ಅಕ್ಕನೂ ನಾನೂ ಕೂಡಿ ಹಚ್ಚಿದೆವು. ಅವಳು ಚೀಲ ಸೀಳಿ ಕೊಡುತ್ತಿದ್ದಳು, ನಾನು ಮಣ್ಣಿನ ಮುದ್ದೆ ಒಡೆಯದ ಹಾಗೆ ಗುಣಿಯಲ್ಲಿ ಇಳಿಸುತ್ತಿದ್ದೆ. ಮಧ್ಯಾಹ್ನ ಗುಣಿಯ ದಂಡೆಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಇದ್ದು ಎಷ್ಟೋ ವರ್ಷಗಳಾಗಿದ್ದವು.

ಎರಡನೇ ವರ್ಷದ ಹಣ್ಣು ಚೆನ್ನಾಗಿಯೇ ಬಂತು. ನರ್ಸರಿಗೆ ಬಂದವರಿಗೆಲ್ಲ ನಾನು, ನಮ್ಮ ಅಕ್ಕನ ತೋಟ ನೋಡಿ ಬರ್ರಿ ಎನ್ನುತ್ತಿದ್ದೆ. ಕೆಲವರು ಹೋಗಿ ನೋಡಿಯೂ ಬಂದರು.

ಮೂರನೇ ವರ್ಷ ಏನಾಯಿತು ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಆ ಬೇಸಿಗೆ ಅಕ್ಕ ತಾನಾಗಿಯೇ ಜಮಖಂಡಿಗೆ ಬಂದಳು. ಬಂದವಳು ಮನೆಯೊಳಗೆ ಕೂಡದೆ ಸೀದಾ ಹಿತ್ತಲಿಗೆ ಹೋಗಿ, ಚೀಲಕ್ಕೆ ಮಣ್ಣು ಎಲ್ಲಿಂದ ತೆಗೆಯುತ್ತೀ ಎಂದು ಕೇಳಿದಳು. ತೋರಿಸಿದೆ. ಅಲ್ಲಿಂದ ತೆಗೆಯಬೇಡ, ಬದನೆ, ಟೊಮ್ಯಾಟೊ ಬೆಳೆದ ಮಣ್ಣು ಸಸಿಗೆ ಆಗುವುದಿಲ್ಲ, ಏನೂ ಬೆಳೆಯದ ಮೇಲಿನ ದಿಬ್ಬದ ಬೀಡು ಮಣ್ಣು ತರಿಸು ಎಂದಳು. ಅಷ್ಟೇ ಅಲ್ಲ, ಆ ಮಣ್ಣನ್ನೂ ನೀರಿನಿಂದ ತೋಯಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊಚ್ಚಿ, ಗಾಳಿ ಆಡದ ಹಾಗೆ ಅಂಚಿಗೆ ಮಣ್ಣು ಒತ್ತಿ, ಒಂದೂವರೆ ತಿಂಗಳು ಬಿಸಿಲಿಗೆ ಬಿಡಬೇಕು, ಒಳಗಿನ ಕಾವಿಗೆ ಇದ್ದ ಹುಳವೆಲ್ಲ ಸಾಯುತ್ತವೆ ಎಂದಳು. ಹಾಳೆಯನ್ನು ತಾನೇ ಸುರುಳಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರೆ ರೈತರ ತರಬೇತಿಗೆ ಹೋಗಿದ್ದೆ ಎಂದಳು. ಅವಳು ಅಷ್ಟು ಹಟ ಹಿಡಿದದ್ದು ನನಗೆ ವಿಚಿತ್ರ ಅನ್ನಿಸಿತು. ಆದರೂ ಆ ವರ್ಷ ಹಾಗೆಯೇ ಮಾಡಿದೆ.

ಅದೇ ಚಳಿಗಾಲದಲ್ಲಿ ಮುಧೋಳದಲ್ಲಿ ಒಂದು ಮದುವೆ. ಅಕ್ಕ ಹೆಣ್ಣುಮಕ್ಕಳ ಗುಂಪಿನಲ್ಲಿ ಕೂತಿದ್ದಳು. ನಾನು ಅವಳ ಹಿಂದಿನಿಂದ ಬರುತ್ತಿದ್ದೆ. ದೂರದ ಸಂಬಂಧಿಯೊಬ್ಬರು, ದಾಳಿಂಬೆ ಸಸಿ ಎಲ್ಲಿಂದ ತಂದಿರಿ ಎಂದು ಅವಳನ್ನು ಕೇಳಿದರು.

"ಸೊಲ್ಲಾಪುರ ಕಡಿಂದ ತರಿಸಿದ್ವಿರೀ," ಎಂದಳು ಅಕ್ಕ.

ನಾನು ಅಲ್ಲೇ ನಿಂತೆ. ಅವಳು ತಿರುಗಿ ನೋಡಲಿಲ್ಲ. ನನ್ನ ಹೆಸರು ಹೇಳಲು ಅವಳಿಗೆ ನಾಚಿಕೆಯಾಯಿತೇ, ನಾಲ್ಕು ಮಂದಿಯ ಮುಂದೆ ಸೊಲ್ಲಾಪುರ ಎಂದರೆ ದೊಡ್ಡದಾಗಿ ಕೇಳುತ್ತದೆಂದು ಹಾಗೆ ಹೇಳಿದಳೇ ಎಂದು ಸಿಟ್ಟು ಬಂತು. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಊಟಕ್ಕೆ ನಿಲ್ಲದೆ ಬಸ್ ಹಿಡಿದು ಮನೆಗೆ ಬಂದೆ.

ಆಮೇಲೆ ಸುಮಾರು ಎರಡು ವರ್ಷ ನಾನು ಅವಳ ಊರಿಗೆ ಕಾಲಿಡಲಿಲ್ಲ. ಅವಳು ಫೋನ್ ಮಾಡಿದರೆ ಹಾಂ, ಹೂಂ ಎಂದು ಇಟ್ಟುಬಿಡುತ್ತಿದ್ದೆ. ಈಗ ಕೈತುಂಬ ಕೆಲಸ, ಆಮೇಲೆ ಮಾಡುತ್ತೇನೆ ಎನ್ನುತ್ತಿದ್ದೆ, ಮಾಡುತ್ತಿರಲಿಲ್ಲ. ಅವಳು ಎಂದೂ ಯಾಕೆ ಎಂದು ಕೇಳಲಿಲ್ಲ. ದಸರೆಗೆ ಬಸ್ಸಿನಲ್ಲಿ ಒಂದು ಚೀಲ ಚೆಂಡು ಹೂವು ಕಳಿಸಿದಳು. ದಾಳಿಂಬೆ ತೋಟದವಳಿಗೆ ಇಷ್ಟು ಚೆಂಡು ಹೂವು ಎಲ್ಲಿಂದ ಬಂತು ಎಂದು ಕೂಡ ನಾನು ವಿಚಾರ ಮಾಡಲಿಲ್ಲ, ಓಣಿಯವರಿಗೆ ಹಂಚಿಬಿಟ್ಟೆ. ಇನ್ನೊಂದನ್ನೂ ಮಾಡಿದೆ, ಅದನ್ನು ಬರೆಯುವುದು ಕಷ್ಟ. ಮರುವರ್ಷ ಚೀಲ ತುಂಬುವ ಹೊತ್ತಿಗೆ ಗಂಡ, ದಿಬ್ಬದ ಮಣ್ಣು ತರಿಸೋಣವೇ, ಹಾಳೆ ಹೊಚ್ಚೋಣವೇ ಎಂದು ಕೇಳಿದ. ಅವಳ ಮಾತು ನಾನು ಯಾಕೆ ಕೇಳಬೇಕು ಎಂಬ ಸಿಟ್ಟು ಒಳಗಿತ್ತು. ಬೇಡ, ಹಿಂದಿನ ಹೊಲದ ಮಣ್ಣೇ ಸಾಕು ಎಂದೆ. ಎರಡು ಹಂಗಾಮು ಆ ಮಣ್ಣಿನಲ್ಲೇ ಸಸಿ ಮಾಡಿ ಮಂದಿಗೆ ಕೊಟ್ಟೆ.

ಒಂದು ದಿನ ಬೆಳಿಗ್ಗೆ ಮಾಮಾನ ಫೋನ್ ಬಂತು. ಅಕ್ಕ ತೋಟದಲ್ಲಿ ಕೆಲಸ ಮಾಡುತ್ತಿದ್ದವಳು ಕುಸಿದು ಬಿದ್ದಿದ್ದಳು.

"ನಿಮ್ಮಕ್ಕಗ ಲಕ್ವಾ ಹೊಡದೈತಿ. ಬಾಗಲಕೋಟಿಗೆ ಕರಕೊಂಡು ಬಂದೇನಿ, ನೀ ಬಾ," ಎಂದರು.

ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ನನ್ನನ್ನು ನೋಡಿ ಎಡಗೈಯಿಂದ ನನ್ನ ಸೀರೆಯ ಸೆರಗು ಹಿಡಿದುಕೊಂಡಳು, ನರ್ಸ್ ಬಂದು ಬಿಡಿಸುವವರೆಗೂ ಬಿಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನಾನು ಅಲ್ಲೇ ಉಳಿದೆ. ಅವಳ ತಲೆ ಬಾಚಿದೆ, ಅಂಬಲಿ ಕುಡಿಸಿದೆ. ಅವಳು ನನಗೆ ಮಾಡಿದ್ದನ್ನೆಲ್ಲ ನಾನು ಅವಳಿಗೆ ಮಾಡುವಂತಾಯಿತು. ಆದರೆ ಮುಧೋಳದ ಮದುವೆಯ ಮಾತು ನನ್ನೊಳಗೆ ಇನ್ನೂ ಕೂತೇ ಇತ್ತು. ಇಂಥ ಹೊತ್ತಿನಲ್ಲೂ ಅದನ್ನು ಇಟ್ಟುಕೊಂಡಿದ್ದೆನಲ್ಲ ಎಂದು ಈಗ ನನಗೇ ಅಸಹ್ಯವಾಗುತ್ತದೆ.

ಮನೆಗೆ ಬಂದ ನಾಲ್ಕನೆಯ ದಿನ ಮಾಮಾ, ತೋಟದ ಕೊಟ್ಟಿಗೆಯಲ್ಲಿ ಒದ್ದೆ ಗೋಣಿತಟ್ಟು ಹೊಚ್ಚಿದ ಗೊಬ್ಬರದ ಗುಡ್ಡೆ ಇದೆ, ನಿಮ್ಮಕ್ಕ ದಿನಾ ಅದಕ್ಕೆ ನೀರು ಚಿಮುಕಿಸುತ್ತಿದ್ದಳು, ಈಗ ಏನು ಮಾಡಬೇಕೋ ನನಗೆ ತಿಳಿಯದು, ಒಮ್ಮೆ ನೋಡು ಎಂದರು. ಹೋಗಿ ತಟ್ಟು ಸರಿಸಿದೆ. ತಿಪ್ಪೆಗೊಬ್ಬರ, ಬೇವಿನ ಹಿಂಡಿ, ಅದರ ಮೇಲೆಲ್ಲ ಹಸಿರು ಬೂಷ್ಟು. ಟ್ರೈಕೋಡರ್ಮಾ ಎಂದು ಗೊತ್ತಾಯಿತು. ಅದು ಮಣ್ಣಿನ ರೋಗ ತಡೆಯಲು ಬೆಳೆಸುವ ಒಳ್ಳೆಯ ಬೂಷ್ಟು, ನಾವೂ ಒಮ್ಮೊಮ್ಮೆ ಸಸಿಗೆ ಹಾಕುತ್ತಿದ್ದೆವು. ಮೂಲೆಯಲ್ಲಿ ಒಣಗಿಸಿದ ಬೇವಿನ ಬೀಜದ ರಾಶಿ, ಕುಟ್ಟುವ ಒರಳು. ಹಿಂಡಿ ಸಾಲದೆ ಅವಳೇ ಬೇವಿನ ಹಣ್ಣು ಆರಿಸಿ ತಂದು ಕುಟ್ಟುತ್ತಿದ್ದಳಂತೆ.

ತೋಟದೊಳಗೆ ಹೋದರೆ ಪ್ರತಿ ಗಿಡದ ಸುತ್ತ ಚೆಂಡು ಹೂವಿನ ಗಿಡ. ಅರ್ಧ ಸಾಲಿನವರೆಗೆ ಅವನ್ನು ಕೊಚ್ಚಿ ಮಣ್ಣಿಗೆ ಸೇರಿಸಿದ್ದಳು, ಕುಡುಗೋಲು ಬಿದ್ದಲ್ಲೇ ಬಿದ್ದಿತ್ತು. ದಾಳಿಂಬೆ ಗಿಡಗಳು ಕೆಲವು ಹಸಿರಾಗಿದ್ದವು, ಹೊಸ ಚಿಗುರು ಒಡೆದಿದ್ದವು. ಪಶ್ಚಿಮದ ಮೂಲೆಯವು ಹಳದಿಯಾಗಿ, ಬೆಳಿಗ್ಗೆ ಹತ್ತು ಗಂಟೆಗೇ ಎಲೆ ಜೋತು ಬಿದ್ದಿದ್ದವು. ಅಲ್ಲಿ ಒಣಗಿದ ಒಂದು ಗಿಡವನ್ನು ಅಗೆದು ಕಿತ್ತೆ.

ಬೇರಿನ ತುಂಬ ಗಂಟು. ಮಣಿ ಪೋಣಿಸಿದ ಹಾಗೆ. ಬುಡದ ನಡುಭಾಗದಲ್ಲಿ, ಚೀಲದೊಳಗಿದ್ದಾಗಲೇ ಸುರುಳಿ ಸುತ್ತಿದ್ದ ಹಳೆಯ ಬೇರುಗಳಿದ್ದವು. ಚೀಲದ ಆಕಾರ ಹಾಗೆಯೇ ಉಳಿದಿತ್ತು. ಎಲ್ಲಕ್ಕಿಂತ ದೊಡ್ಡ, ಹಳೆಯ ಗಂಟುಗಳು ಅಲ್ಲೇ ಇದ್ದವು. ಹೊರಗೆ ಹೋದಂತೆ ಸಣ್ಣವು. ಅಂದರೆ ರೋಗ ಹೊಲದಿಂದ ಗಿಡಕ್ಕೆ ಬಂದದ್ದಲ್ಲ. ಗಿಡದ ಜೊತೆ ಹೊಲಕ್ಕೆ ಬಂದದ್ದು. ಬದನೆಯ ಬೇರಿನಲ್ಲಿ ನಾನು ನೋಡಿ ಒಳ್ಳೆಯದು ಎಂದುಕೊಂಡ ಗಂಟುಗಳೇ ಅವು.

ಕಿತ್ತ ಬೇರು ಹಿಡಿದುಕೊಂಡೇ ಮಾಮಾನ ಹತ್ತಿರ ಹೋದೆ. ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಅವರು ಎಲ್ಲವನ್ನೂ ಹೇಳಿದರು. ಮೂರನೇ ವರ್ಷ ಗಿಡ ಹಳದಿಯಾದಾಗ ಮೊದಲು ನೀರು ಹೆಚ್ಚು ಬಿಟ್ಟರು, ಆಮೇಲೆ ಗೊಬ್ಬರ ಹೆಚ್ಚು ಹಾಕಿದರು, ಆಮೇಲೆ ಬುಡಕ್ಕೆ ವಿಷದ ಹರಳು ಹಾಕಿದರು. ಏನೂ ಆಗಲಿಲ್ಲ. ಕೊನೆಗೆ ಕೃಷಿ ಇಲಾಖೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದು ಗಿಡ ಅಗೆದು ನೋಡಿದಳು. ಇದು ಜಂತುಹುಳು, ಕಣ್ಣಿಗೆ ಕಾಣುವುದಿಲ್ಲ, ಬೇರಿನೊಳಗೆ ಹೊಕ್ಕು ಗಂಟು ಮಾಡಿ ಕೂಡುತ್ತದೆ, ಗಿಡಕ್ಕೆ ನೀರು ಏರಲು ಬಿಡುವುದಿಲ್ಲ ಎಂದಳು. ವಿಷ ಹಾಕಿದರೆ ಮಣ್ಣಿನ ಎರೆಹುಳ ಸಾಯುತ್ತವೆ, ಬಾವಿಗೂ ಇಳಿಯುತ್ತದೆ, ಆದರೆ ಇದು ಆಳದಲ್ಲಿ ಉಳಿದುಬಿಡುತ್ತದೆ. ಅದಕ್ಕಿಂತ ಬೇವಿನ ಹಿಂಡಿ ಹಾಕಿರಿ, ಬೂಷ್ಟು ಬೆಳೆಸಿದ ಗೊಬ್ಬರ ಹಾಕಿರಿ, ಸುತ್ತ ಚೆಂಡು ಹೂವು ಹಚ್ಚಿರಿ, ಅದರ ಬೇರಿನ ಹತ್ತಿರ ಈ ಹುಳ ಬಾಳುವುದಿಲ್ಲ ಎಂದು ತಿಳಿಸಿ ಹೇಳಿದಳು. ಕೊನೆಗೆ ಸಸಿ ಯಾವ ನರ್ಸರಿಯದು ಎಂದು ಕೇಳಿದಾಗ, ಮಾಮಾ ಬಾಯಿ ತೆರೆಯುವ ಮೊದಲೇ ಅಕ್ಕ ಸೊಲ್ಲಾಪುರ ಕಡೆಯದು ಎಂದುಬಿಟ್ಟಳು.

"ನಾ ಹೇಳ್ತೇನಂದ್ನಿ ನಿಂಗ," ಎಂದರು ಮಾಮಾ. "ನನ್ನ ಮ್ಯಾಲೆ ಆಣಿ ಐತಿ ಅಂದ್ಲು. ತಂಗಿಗಿ ಗೊತ್ತಾದ್ರ ಅಕಿ ಉಣ್ಣೂದು ಬಿಡ್ತಾಳ, ಮಂದಿ ಅಕಿ ನರ್ಸರಿ ಕಡೆ ಹಾಯೂದು ಬಿಡ್ತಾರ, ಮಣ್ಣ ಒಂದು ಬದಲಿ ಮಾಡಸ್ತೇನಿ, ತೋಟ ನಾ ನೋಡ್ಕೋತೇನಿ ಅಂದ್ಲು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಹೋಗಿ ಕೈ ತೊಳೆಯದೆಯೇ ಅಕ್ಕನ ಹಾಸಿಗೆಯ ಪಕ್ಕ ಕೂತೆ. ಅವಳು ಎಚ್ಚರವಿದ್ದಳು.

"ಗೊತ್ತಾತು ಯಕ್ಕಾ," ಎಂದೆ. "ಎಲ್ಲಾ ನನ್ನ ಸಸಿಯಿಂದ ಬಂದದ್ದಂತ ಗೊತ್ತಾತು. ಯಾಕ ಹೇಳಲಿಲ್ಲ ಬೇ ನಂಗ?"

ಅವಳ ಕಣ್ಣಲ್ಲಿ ನೀರು ಬಂತು. ಮುಖ ಆಚೆ ಹೊರಳಿಸಲು ನೋಡಿದಳು, ಆಗಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ಮಣ್ಣು ಹತ್ತಿದ್ದ ನನ್ನ ಬೆರಳುಗಳನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ, ಏನೋ ಹೇಳಲು ಒದ್ದಾಡಿದಳು. ಮ, ಮ ಎಂದಳು. ನೀರು ಬೇಕೇನು, ಮಾಮಾನನ್ನು ಕರೆಯಲೇನು ಎಂದರೆ ತಲೆ ಅಲ್ಲಾಡಿಸಿದಳು. ಮತ್ತೆ ನನ್ನ ಬೆರಳು ಉಜ್ಜಿದಳು. ಆಗ ತಿಳಿಯಿತು. ಮಣ್ಣು ಎನ್ನುತ್ತಿದ್ದಳು. ನಿನ್ನ ಮಣ್ಣು ಬದಲಿಯಾಯಿತೇ ಎಂದು ಕೇಳುತ್ತಿದ್ದಳು.

"ದಿಬ್ಬದ ಮಣ್ಣ ಹಾಕಾಕತ್ತೇನಿ ಯಕ್ಕಾ," ಎಂದೆ. "ವರ್ಷಾ ವರ್ಷಾ ಹಾಳಿ ಹೊಚ್ಚತೇನಿ."

ಅವಳು ನನ್ನ ಮುಖವನ್ನೇ ನೋಡುತ್ತ ಇದ್ದಳು. ಆಮೇಲೆ ಕಣ್ಣು ಮುಚ್ಚಿದಳು.

ಮರುದಿನ ಮಾಮಾನ ಸೋದರಸೊಸೆಯನ್ನು ಅಕ್ಕನ ಹತ್ತಿರ ಬಿಟ್ಟು ನಾನು ಜಮಖಂಡಿಗೆ ಬಂದೆ. ನರ್ಸರಿಯಲ್ಲಿ ಉಳಿದಿದ್ದ ಸಸಿಗಳ ಚೀಲ ಸೀಳಿ, ಬೇರುಗಳನ್ನು ಒಂದೊಂದಾಗಿ ಬಕೆಟ್ಟಿನಲ್ಲಿ ತೊಳೆದು ನೋಡಿದೆ. ಸುಮಾರು ಅರ್ಧಕ್ಕೆ ಗಂಟು ಇದ್ದವು, ಸಾಸಿವೆ ಕಾಳಿನಷ್ಟು. ನಾನೂ ಗಂಡನೂ ಎಲ್ಲವನ್ನೂ ಒಣಗಿಸಿ ಸುಟ್ಟೆವು. ಆಮೇಲೆ ಸಸಿ ಒಯ್ದವರ ಮನೆಗಳಿಗೆ ಹೋಗಲು ಶುರು ಮಾಡಿದೆ. ಫೋನಿನಲ್ಲಿ ಹೇಳಿದರೆ ನಡೆಯುತ್ತದೆ ಎಂದು ಗಂಡ ಹೇಳಿದ. ನನಗೆ ಹಾಗನ್ನಿಸಲಿಲ್ಲ.

ಮುಧೋಳದ ಹತ್ತಿರದ ಒಬ್ಬರು ನಾನು ಹೇಳಿ ಮುಗಿಸುವ ಮೊದಲೇ, ಹೊಲದ ದಂಡೆಯಿಂದ ಆಚೆ ಹೋಗು ಎಂದರು. ನಾನು ತಂದಿದ್ದ ಚೆಂಡು ಹೂವಿನ ಬೀಜದ ಪೊಟ್ಟಣವನ್ನು ತೆಗೆದುಕೊಳ್ಳಲಿಲ್ಲ. ಬನಹಟ್ಟಿಯಲ್ಲಿ ಒಬ್ಬರು ಪಾವರ್‌ಲೂಮ್ ನಡೆಸುವವರು, ಹೊಸದಾಗಿ ಸ್ವಲ್ಪ ಹೊಲ ಕೊಂಡು ಮೊದಲ ಸಲ ದಾಳಿಂಬೆ ಹಚ್ಚಿದ್ದವರು. ಮಗ್ಗಗಳ ಸಪ್ಪಳಕ್ಕೆ ನಾನು ಹೇಳಿದ್ದು ಅವರಿಗೆ ಕೇಳಲಿಲ್ಲ, ಎರಡು ಸಲ ಹೇಳಿದೆ. ಮೂರನೆಯ ಸಲ ಅವರೇ ಎದ್ದು ಹೋಗಿ ಮಗ್ಗ ಬಂದ್ ಮಾಡಿ ಬಂದರು. ಎಲ್ಲ ಕೇಳಿದ ಮೇಲೆ ಸಿಟ್ಟಾಗಲಿಲ್ಲ.

"ನಿಮ್ಮಕ್ಕನ ತೋಟ ನೋಡಿ ನಂಬಿ ಒಯ್ದಿದ್ನಿರೀ," ಎಂದರು, ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಅವರ ಹೊಲಕ್ಕೆ ಮೂರು ಸಲ ಹೋಗಿ, ಗೊಬ್ಬರದಲ್ಲಿ ಬೂಷ್ಟು ಬೆಳೆಸುವುದನ್ನೂ ಬೇವಿನ ಹಿಂಡಿಯನ್ನು ಬೇರಿನ ಸುತ್ತ ಹಾಕುವುದನ್ನೂ ಮಾಡಿ ತೋರಿಸಿ ಬಂದೆ. ಗಿಡಗಳ ನಡುವೆ ಬದನೆ, ಟೊಮ್ಯಾಟೊ ಹಾಕಬೇಡಿ ಎಂದೆ. ಅವರು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದರು.

ವಾರದಲ್ಲಿ ನಾಲ್ಕು ದಿನ ಅಕ್ಕನ ಹತ್ತಿರ ಇರುತ್ತಿದ್ದೆ. ಅವಳು ಬಿಟ್ಟ ಸಾಲಿನಿಂದ ಚೆಂಡು ಹೂವು ಕೊಚ್ಚಿ ಮಣ್ಣಿಗೆ ಸೇರಿಸುವುದನ್ನು ನಾನು ಮುಂದುವರಿಸಿದೆ. ಮುಂಗಾರು ಬಂದಾಗ ಹೊಸದಾಗಿ ಹಚ್ಚಿದೆ. ತೋಟದಿಂದ ಬರುವಾಗ ಒಂದೆರಡು ಬೇರಿನ ತುದಿ ಕಿತ್ತು ತಂದು ಅವಳ ಎಡಗೈಯಲ್ಲಿ ಇಡುತ್ತಿದ್ದೆ. ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು, ಬೆರಳಲ್ಲಿ ಸವರಿ ಗಂಟು ಹುಡುಕುತ್ತಿದ್ದಳು. ಬಿಳಿ ಎಳೆಬೇರು ನಯವಾಗಿದ್ದ ದಿನ ಅವಳ ಬಾಯಿಯ ಒಂದು ಬದಿ ನಗುತ್ತಿತ್ತು. ಪ್ರತಿ ಸಲ ಬಸ್ ಹತ್ತುವಾಗ, ಈ ಸಲ ಖರೆ ಹೇಳಬೇಕು, ಎರಡು ವರ್ಷ ನಿನ್ನ ಮೇಲಿನ ಸಿಟ್ಟಿಗೆ ನಾನು ಮಣ್ಣು ಬದಲಿಸಲಿಲ್ಲ ಎಂದು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅವಳ ಮುಖ ನೋಡಿದ ಮೇಲೆ ಮುಂದಿನ ವಾರ ಎನ್ನಿಸುತ್ತಿತ್ತು. ಏಳು ತಿಂಗಳು ಹೀಗೆಯೇ ಹೋದವು. ಒಂದು ಮಧ್ಯಾಹ್ನ ನಾನು ಜಮಖಂಡಿಯಲ್ಲಿದ್ದಾಗ ಅಕ್ಕ ಹೋಗಿಬಿಟ್ಟಳು. ಮಲಗಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರಂತೆ.

ಪಶ್ಚಿಮದ ಮೂಲೆಯ ಗಿಡಗಳು ಉಳಿಯಲಿಲ್ಲ. ಮಾಮಾ ಅವನ್ನು ಬೇರು ಸಮೇತ ತೆಗೆಸಿ ಸುಡಿಸಿ, ಅಲ್ಲಿ ಎರಡು ವರ್ಷ ದಾಳಿಂಬೆ ಬೇಡವೆಂದು ಜೋಳ ಹಾಕಿದ್ದಾರೆ. ಉಳಿದ ತೋಟ ನಿಂತಿದೆ. ಹುಳ ಪೂರ್ತಿ ಹೋಗುವುದಿಲ್ಲ, ವರ್ಷಾ ವರ್ಷಾ ಹತೋಟಿಯಲ್ಲಿ ಇಡಬೇಕು ಎಂದು ಆ ಇಲಾಖೆಯ ಹೆಣ್ಣುಮಗಳು ಮತ್ತೆ ಬಂದಾಗ ಹೇಳಿದಳು. ಈ ಸಲ ಸಸಿ ಯಾವ ನರ್ಸರಿಯದು ಎನ್ನುವುದನ್ನು ನಾನೇ ಅವಳಿಗೆ ಹೇಳಿದೆ. ಅವಳು ನನ್ನ ನರ್ಸರಿಗೂ ಬಂದು ಮಣ್ಣಿನ ಮಾದರಿ ಒಯ್ದಳು. ಒಂದು ವರ್ಷ ನಾನು ಒಂದು ಸಸಿಯನ್ನೂ ಮಾಡಲಿಲ್ಲ.

ಅಕ್ಕನ ವರ್ಷದ ಕಾರ್ಯ ಮುಗಿದ ಮರುದಿನ ಮಾಮಾನೂ ನಾನೂ ತೋಟದಲ್ಲಿ ಡ್ರಿಪ್ ಪೈಪು ಸರಿಸುತ್ತಿದ್ದೆವು. ಆಗ ಹೇಳಿದೆ. ಮಣ್ಣು ಬದಲಿಯಾಯಿತೇ ಎಂದು ಅಕ್ಕ ಕೇಳಿದಾಗ ನಾನು ಸುಳ್ಳು ಹೇಳಿದೆ, ಅವಳು ಅದನ್ನು ಖರೆ ಎಂದು ತಿಳಿದುಕೊಂಡು ಹೋದಳು ಎಂದೆ. ಅವರು ಪೈಪು ಕೆಳಗಿಟ್ಟರು.

"ನಮ್ಮ ತಂಗಿಗಿ ಸುಳ್ಳ ಹೇಳಾಕ ಬರೂದಿಲ್ಲ, ಮಾರಿ ನೋಡಿದ್ರ ಗೊತ್ತಾಕ್ಕೈತಿ ಅಂತ ಯಾವಾಗೂ ಅಂತಿದ್ಲು ಅಕಿ," ಎಂದರು.

ಅಷ್ಟು ಹೇಳಿ ಮಾಮಾ ಮೋಟಾರು ಚಾಲೂ ಮಾಡಲು ಹೋದರು. ಅವಳು ಆ ದಿನ ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದಳು ಎಂದು ನಾನು ಎಣಿಸಲು ಪ್ರಯತ್ನಿಸಿದೆ. ನೀರು ಸಾಲಿನ ತುದಿಗೆ ಬಂದಾಗ ಒಂದು ಕಡೆ ಹನಿ ಬೀಳುತ್ತಿರಲಿಲ್ಲ. ಕೂತು ಕಸ ತೆಗೆದು ಸರಿ ಮಾಡಿದೆ.